ಮಳೆಗಾಲದಲ್ಲಿ ಕಂಪ್ಯೂಟರ್ ಕೈಕೊಟ್ಟಾಗ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ‘ಸತ್ತೇಹೋಯ್ತು’ ಎನಿಸುವ ಎಷ್ಟೋ ಡೆಸ್ಕ್‌ಟಾಪ್‌ಗಳು ಸತ್ತಿರುವುದಿಲ್ಲ. ಉಪ್ಪುಗಾಳಿಗೆ ತೇವವೂ ಸೇರಿ ಒಳಗಿನ ಪಿನ್ನುಗಳಿಗೆ ಕಿಲುಬು ಹಿಡಿದಿರುತ್ತದೆ, ಅಷ್ಟೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಲ್ಲಿ ಉಪ್ಪಿನ ಕಾಟವಿಲ್ಲ. ತೇವಕ್ಕೂ ಸಿಡಿಲಿಗೂ ಬರವಿಲ್ಲ. ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡ್ ಬದಲಿಸುವ ಮಾತೆತ್ತುವ ಮೊದಲು ಸ್ಟಾರ್ ಸ್ಕ್ರೂಡ್ರೈವರ್, ಪೆನ್ಸಿಲ್ ಅಳಿಸುವ ಮೆತ್ತನೆಯ ರಬ್ಬರ್, ವೋಲ್ಟ್ ಅಳೆಯುವ ಸಾದಾ ಮಲ್ಟಿಮೀಟರ್ ಹತ್ತಿರ ಇಟ್ಟುಕೊಳ್ಳಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಬೀಪ್ ಬೀಪ್ ಎಂದು ಕೂಗುತ್ತಲೇ ಇದೆ ಎಂದರೆ ಮೊದಲ ಅನುಮಾನ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟ್ ಇಳಿಸಿ. ಬರಿಗೈಯಲ್ಲಿ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ. ಸ್ಲಾಟಿನ ಕ್ಲಿಪ್ ಸರಿಸಿ ರ್‍ಯಾಮನ್ನು ಅಂಚು ಹಿಡಿದು ತೆಗೆಯಿರಿ. ಅದರ ಬುಡದ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿರುತ್ತವೆ. ಅವನ್ನು ರಬ್ಬರಿನಿಂದ ಉದ್ದಕ್ಕೂ ಹಗುರವಾಗಿ ಉಜ್ಜಿದರೆ ರಬ್ಬರಿಗೆ ಕರಿ ಗೀರು ಅಂಟುತ್ತದೆ, ಕಾಯಿಲೆ ಅದೇ. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಚಿನ್ನದ ಲೇಪವೇ ಕಿತ್ತುಬರುತ್ತದೆ. ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಬಾಯಿಂದ ಊದಬೇಡಿ, ಉಗುಳಿನ ತೇವ ಮತ್ತೆ ಅಲ್ಲೇ ಕೂರುತ್ತದೆ. ಎರಡೂ ತುದಿಯಲ್ಲಿ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ.

ಕಂಪ್ಯೂಟರ್ ಎದ್ದಿದೆ, ಆದರೆ ತಾರೀಖು ಹಳೆಯದು, ವೆಬ್‌ಸೈಟುಗಳೆಲ್ಲ ಸುರಕ್ಷಿತವಲ್ಲ ಎನ್ನುತ್ತಿವೆಯೇ? ಅದು ವೈರಸ್ ಅಲ್ಲ. ತಾರೀಖು ತಪ್ಪಾದರೆ ಸೈಟುಗಳು ಅಸಲಿ ಎಂದು ತೋರಿಸುವ ಪ್ರಮಾಣಪತ್ರದ ಅವಧಿ ತಾಳೆಯಾಗುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ಸಿಆರ್ 2032 ನಾಣ್ಯ-ಸೆಲ್ ಮೀಟರಿನಲ್ಲಿ 2.8 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಬದಲಿಸಿ, ತಾರೀಖು ಸರಿಮಾಡಿ. ಪ್ಲಸ್ ಗುರುತು ಮೇಲೆ ಬರಲಿ.

ಬಟನ್ ಒತ್ತಿದರೂ ಉಸಿರೇ ಇಲ್ಲವೆಂದರೆ ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ನೋಡಬೇಕು. ಪ್ಲಗ್ ತೆಗೆದು, ಅದರ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ, 24 ಪಿನ್ ಕನೆಕ್ಟರಿನ ಹಸಿರು ವೈರಿಗೂ ಒಂದು ಕಪ್ಪು ವೈರಿಗೂ ಚಿಕ್ಕ ತಂತಿ ಸೇರಿಸಿ. ಆಮೇಲಷ್ಟೇ ಪ್ಲಗ್ ಹಾಕಿ. ಹಳದಿ-ಕಪ್ಪು ನಡುವೆ 11.4ರಿಂದ 12.6, ಕೆಂಪು-ಕಪ್ಪು ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. ಏನೂ ಬಾರದಿದ್ದರೆ ಅದು ಹೋದಂತೆ. ಬಂದರೂ ಪೂರ್ತಿ ನಂಬಬೇಡಿ, ಭಾರ ಬಿದ್ದಾಗ ಕುಸಿಯುವವೂ ಇವೆ. ವೈರುಗಳೆಲ್ಲ ಕಪ್ಪು ಬಣ್ಣದವೇ ಆಗಿದ್ದರೆ ಈ ಪರೀಕ್ಷೆಯ ಗೋಜಿಗೇ ಹೋಗಬೇಡಿ. ಡಬ್ಬಿಯನ್ನಂತೂ ಬಿಚ್ಚಲೇಬಾರದು: ಕರೆಂಟ್ ಕೂಡಿಟ್ಟುಕೊಳ್ಳುವ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿ ಕೂತಿರುತ್ತದೆ. ಇರುವೆ ಹೊಕ್ಕಿವೆಯೆಂದು ಸ್ಪ್ರೇ ಹೊಡೆಯುವುದೂ ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸೋರುವ ಅಲ್ಪ ಕರೆಂಟಿಗೆ ನೆಲದ ದಾರಿ ಸಿಗದೆ ಡಬ್ಬಿಯ ಮೇಲೇ ನಿಲ್ಲುತ್ತದೆ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥ್ ಗುಂಡಿಗೂ ಹೀಗಾಗುತ್ತದೆ. ನೀರು ಹೊಯ್ದು ನೋಡಿ. ಸರಿಹೋಗದಿದ್ದರೆ ಎಲೆಕ್ಟ್ರಿಷಿಯನ್ ಬರಲಿ, ಇದು ನಾವು ಕೈಹಾಕುವ ಕೆಲಸವಲ್ಲ.

ಕರೆಂಟ್ ಹೋದ ತಕ್ಷಣ ಯುಪಿಎಸ್ ಕೂಡ ಆರಿದರೆ ಮೊದಲು ಅದರೊಳಗಿನ ಬ್ಯಾಟರಿ (ಮನೆಯ ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್‌ನದು) ಬದಲಿಸಿ. ಇಡೀ ಯುಪಿಎಸ್ ಎಸೆಯಬೇಕಿಲ್ಲ.

ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ಹೊಡೆತ ಹರಿಯದು. ಆದರೆ ಮೋಡೆಮ್ಮಿನ ಅಡಾಪ್ಟರ್, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ಎರಡೂ ತಾಮ್ರ. ಕಂಪ್ಯೂಟರಿನ ಪ್ಲಗ್, ಅಡಾಪ್ಟರ್, ಲ್ಯಾನ್ ಕೇಬಲ್ ಮೂರನ್ನೂ ತೆಗೆದಿಡಿ.

ಬಳಸದಿದ್ದರೂ ದಿನಕ್ಕೊಂದು ತಾಸು ಚಾಲೂ ಇಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಆರಿಸಿ ತಣ್ಣಗಾದ ಮೇಲೆ ಹಳೆಯ ಹತ್ತಿ ಪಂಚೆ ಹೊದಿಸಿ. ನೀರು ಜಿನುಗುವ ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ನಾಲ್ಕು ಇಂಚು ಮೇಲಿರಲಿ.