ಹಳೆ ಕೇಸುಗಳ ಪಟ್ಟಿಯನ್ನು ನಾನೇ ಕೊಟ್ಟೆ, ಜಾಮೀನು ಸಿಕ್ಕಿತು

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ಸೆಷನ್ಸ್ ನ್ಯಾಯಾಲಯದಲ್ಲಿ ವಕೀಲನಾಗಿ ಒಬ್ಬ ತೋಟದ ಕಾರ್ಮಿಕನಿಗೆ ಜಾಮೀನು ಮಾಡಿಸಿದೆ. ಗೋದಾಮಿನಿಂದ ಎರಡು ಮೂಟೆ ಕರಿಮೆಣಸು ಕದ್ದ ಆರೋಪ, ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಕಲಂ 305. ಮೊದಲೇ ಆರು ಕೇಸು ಇದ್ದವು. ಎಂಓಬಿ ಆಸಾಮಿ ಬೇರೆ, ಅಂದರೆ ರೂಢಿಗತ ಅಪರಾಧಿಗಳೆಂದು ಪೊಲೀಸರು ಇಡುವ ಪಟ್ಟಿಯಲ್ಲಿ ಹೆಸರಿದ್ದವನು. "ಇವನಿಗೆ ಜಾಮೀನಾ? ಸುಮ್ನೆ ಟೈಮ್ ಹಾಳು ಮಾಡ್ಬೇಡಪ್ಪ" ಎಂದು ಬಾರ್ ರೂಮಿನಲ್ಲಿ ಹಿರಿಯರೊಬ್ಬರು ಹೇಳಿದ್ದರು. ಆರೂ ಕೇಸುಗಳನ್ನು ಅರ್ಜಿಯಲ್ಲಿ ನಾನೇ ಬರೆಯುತ್ತೇನೆ ಎಂದಾಗ ಬೈದೇಬಿಟ್ಟರು. ಪಿಪಿ (ಸರ್ಕಾರಿ ವಕೀಲರು) ಮಾಡುವ ಕೆಲಸ ನಿನಗ್ಯಾಕೆ ಎಂದರು.

ನಾನು ಸುಮ್ಮನೆ ಈ ದಾರಿ ಹಿಡಿದಿದ್ದಲ್ಲ. ಸೋತು ಸೋತು ಕಲಿತದ್ದು. ಕೆಲವು ವರ್ಷದ ಹಿಂದೆ ಒಬ್ಬ ಕಕ್ಷಿದಾರ "ಹಳೆ ಕೇಸು ಒಂದೂ ಇಲ್ಲ ಸಾರ್" ಎಂದ. ನಂಬಿ ಅರ್ಜಿಯಲ್ಲಿ ಹಾಗೇ ಬರೆದೆ. ಪಿಪಿ ಹಾಕಿದ ತಕರಾರಿನ ಜೊತೆ ನಾಲ್ಕು ಕೇಸಿನ ಪಟ್ಟಿ ಬಂತು. ಆಮೇಲೆ ನಾನು ಏನು ವಾದ ಮಾಡಿದರೂ ಯಾರೂ ಕೇಳಲಿಲ್ಲ. ಇನ್ನೊಬ್ಬನಿಗೆ ಅರ್ಧ ಶಿಕ್ಷೆಯಷ್ಟು ಕಾಲ ಒಳಗಿದ್ದಾನೆ ಎಂದು ಬಿಎನ್‌ಎಸ್‌ಎಸ್ (ಹಳೆ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಕಲಂ 479 ಹಿಡಿದು ಹೋದೆ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದವನಿಗೆ ಆ ದಾರಿ ಇಲ್ಲ ಎಂದು ಅದೇ ಕಲಮಿನ ಉಪಕಲಂ 2 ಹೇಳುತ್ತದೆ. ಒಂದೇ ದಿನದಲ್ಲಿ ವಜಾ ಆಯಿತು. ಬಂದ ಫೀಸು ಓಡಾಟಕ್ಕೇ ಹೋಯಿತು.

ನನಗೆ ಈಗಲೂ ನೋವು ಕೊಡುವುದು ಬೇರೆ ಒಂದು ಕೇಸು. ವೃತ್ತಿಗೆ ಹೊಸಬನಾಗಿದ್ದಾಗ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಒಬ್ಬ ಹುಡುಗನಿಗೆ "ತಪ್ಪು ಒಪ್ಪಿಕೋ, ಒಳಗಿದ್ದ ದಿನಕ್ಕೆ ಸೆಟ್ ಆಫ್ ಸಿಗುತ್ತೆ, ಇವತ್ತೇ ಮನೆಗೆ ಹೋಗ್ತೀಯ" ಎಂದು ಹೇಳಿದ್ದೆ. ಸೆಟ್ ಆಫ್ ಎಂದರೆ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುವುದು. ಐಪಿಸಿ 379ರಲ್ಲಿ (ಸಾಮಾನ್ಯ ಕಳ್ಳತನ, ಮೂರು ವರ್ಷದವರೆಗೆ ಶಿಕ್ಷೆ) ಎರಡು ಸಲ ಹಾಗೆ ಮಾಡಿಸಿದೆ. ಅವತ್ತು ಅವನ ತಾಯಿ ಕೈ ಮುಗಿದರು. ಮೂರನೇ ಕೇಸು ಬಂದಾಗ ಆ ಎರಡು ಶಿಕ್ಷೆಗಳೇ ಅಡ್ಡ ನಿಂತವು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧದಲ್ಲಿ ಎರಡು ಸಲ ಶಿಕ್ಷೆಯಾದರೆ ಜಾಮೀನು ಕೊಡಲು ಮ್ಯಾಜಿಸ್ಟ್ರೇಟರ ಕೈ ಕಟ್ಟಿದ ಹಾಗೆ. ಆಗ ಸಿಆರ್‌ಪಿಸಿ ಕಲಂ 437, ಈಗ ಬಿಎನ್‌ಎಸ್‌ಎಸ್ ಕಲಂ 480. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿಯದ್ದಾದರೆ ಒಂದೇ ಸಲ ಸಾಕು. ಹಳೆ ಐಪಿಸಿ 380ರಲ್ಲಿ (ಮನೆ, ಗೋದಾಮಿನಲ್ಲಿ ಕಳ್ಳತನ, ಏಳು ವರ್ಷದವರೆಗೆ ಶಿಕ್ಷೆ) ಒಪ್ಪಿಕೊಂಡವನಿಗೂ ಅದೇ ಗತಿ, ಅಲ್ವಾ? ಆ ಹುಡುಗ ತಿಂಗಳುಗಟ್ಟಲೆ ಒಳಗಿದ್ದ. ಅಂದಿನಿಂದ ಬೇಗ ಮನೆಗೆ ಹೋಗಲಿ ಎಂಬ ಒಂದೇ ಕಾರಣಕ್ಕೆ ನಾನು ಯಾರಿಗೂ ತಪ್ಪು ಒಪ್ಪಿಕೊಳ್ಳಲು ಹೇಳಿಲ್ಲ.

ಮೆಣಸಿನ ಕೇಸಿಗೆ ಬರುತ್ತೇನೆ. ಮೊದಲು 60ನೇ ದಿನಕ್ಕೆ ಕಾದೆ. ಅಷ್ಟರೊಳಗೆ ಚಾರ್ಜ್‌ಶೀಟ್ ಬಾರದಿದ್ದರೆ ಸಿಗುವ ಜಾಮೀನಿಗೆ ಹಳೆ ಕೇಸು ಅಡ್ಡ ಬರುವುದಿಲ್ಲ. ಆದರೆ 50 ದಿನದ ಆಸುಪಾಸಿನಲ್ಲೇ ಚಾರ್ಜ್‌ಶೀಟ್ ಹಾಕಿಬಿಟ್ಟರು. ಕೆಳಗಿನ ನ್ಯಾಯಾಲಯದಲ್ಲಿ ಜಾಮೀನು ಸಿಗಲಿಲ್ಲ.

ಆಮೇಲೆ ಆರೂ ಕೇಸುಗಳ ಸರ್ಟಿಫೈಡ್ ಕಾಪಿ ತೆಗೆಸಲು ಹೊರಟೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಎಂದು ಮಳೆಯಲ್ಲಿ ಮೂರು ವಾರ ತಿರುಗಿದೆ. ಕಾಪಿಯ ಖರ್ಚು ಕಡಿಮೆ. ಪೆಟ್ರೋಲು, ಊಟ, ಹೋದ ದಿನಗಳೇ ಜಾಸ್ತಿ. ಒಟ್ಟು ಐದು ಸಾವಿರದ ಹತ್ತಿರ ಆಗಿರಬೇಕು. ರೆಕಾರ್ಡ್ ರೂಮಿನಲ್ಲಿ ಹಳೆ ಕಡತ ಬೇಗ ಸಿಗಲು ನಾನು ಅರ್ಜಿ ಬರೆಯುವ ಒಂದು ರೀತಿ ಇದೆ. ಅದು ನನ್ನ ಹತ್ತಿರವೇ ಇರಲಿ.

ಕಾಪಿ ಕೈಗೆ ಬಂದ ಮೇಲೆ ಚಿತ್ರವೇ ಬದಲಾಯಿತು. ಎರಡು ಖುಲಾಸೆ. ಒಂದು ಲೋಕ ಅದಾಲತ್‌ನಲ್ಲಿ ರಾಜಿ. ಒಂದರಲ್ಲಿ ಇವನು ಆರೋಪಿಯೇ ಅಲ್ಲ, ಹೆಸರು ಒಂದೇ, ತಂದೆಯ ಹೆಸರು ಬೇರೆ. ಒಂದು ಬಾಕಿ. ಶಿಕ್ಷೆಯಾದದ್ದು ಒಂದೇ ಒಂದು, ಅದೂ 379ರಲ್ಲಿ. ಅಂದರೆ 480ರ ತಡೆ ಇವನಿಗೆ ತಾಗುವುದೇ ಇಲ್ಲ. ಆ ತಡೆ ಸೆಷನ್ಸ್‌ಗೆ ಅನ್ವಯಿಸುವುದಿಲ್ಲ, ನಿಜ. ಆದರೂ ಸೆಷನ್ಸ್ ಜಾಮೀನಿನ ಕಲಂ 483ರಲ್ಲಿ ಹಳೆ ಚರಿತ್ರೆಯನ್ನು ತೂಗಿಯೇ ತೂಗುತ್ತಾರೆ. ಹಾಗಾಗಿ ಆರನ್ನೂ ಒಂದು ಪುಟದ ಕೋಷ್ಟಕ ಮಾಡಿ ಅರ್ಜಿಯ ಎರಡನೇ ಹಾಳೆಯಲ್ಲೇ ಇಟ್ಟೆ.

ಪಿಪಿ ನಿರೀಕ್ಷೆಯಂತೆ 2014ರ ನೀರು ಯಾದವ್ ತೀರ್ಪು ಓದಿದರು. ನನ್ನ ಉತ್ತರ ರೆಡಿ ಇತ್ತು. ಅಲ್ಲಿ ಹೈಕೋರ್ಟ್ ಆರೋಪಿಯ ಚರಿತ್ರೆಯನ್ನು ಗಮನಿಸಲೇ ಇಲ್ಲ ಎಂದು ಸುಪ್ರೀಂ ಕೋರ್ಟ್ ಜಾಮೀನು ರದ್ದು ಮಾಡಿತು. ಇಲ್ಲಿ ಇಡೀ ಚರಿತ್ರೆ ನಿಮ್ಮ ಮುಂದಿದೆ, ನಾವೇ ಇಟ್ಟಿದ್ದೇವೆ ಎಂದೆ. ಬಾಕಿ ಕೇಸುಗಳಿವೆ ಎಂಬ ಒಂದೇ ಕಾರಣಕ್ಕೆ ಜಾಮೀನು ತಿರಸ್ಕರಿಸುವಂತಿಲ್ಲ ಎನ್ನುವ 2020ರ ಪ್ರಭಾಕರ್ ತಿವಾರಿ ತೀರ್ಪನ್ನೂ ಕೊಟ್ಟೆ. ತಂದೆಯ ಹೆಸರು ಬೇರೆ ಇದ್ದ ಕೇಸಿನ ಕಾಪಿ ತೋರಿಸಿದ ಮೇಲೆ ಆ ಪಟ್ಟಿಯ ಬಗ್ಗೆ ಪಿಪಿ ಹೆಚ್ಚು ಮಾತಾಡಲಿಲ್ಲ. ನಾಲ್ಕು ದಿನಕ್ಕೆ ಆದೇಶ ಬಂತು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. ಕೆಲಸ ಕೊಡುತ್ತೇನೆ, ಲೈನ್ ಮನೆ ಕೊಡುತ್ತೇನೆ ಎಂದು ಬೇರೆ ತೋಟದ ಸಾಹುಕಾರರಿಂದ ಪತ್ರ ಬರೆಸಿ ಹಾಕಿದೆ. ಭಾನುವಾರ ಠಾಣೆಗೆ ಹಾಜರಿ ಹಾಕುತ್ತಾನೆ ಎಂದೂ ನಾವೇ ಬರೆದೆವು, ಅವತ್ತು ತೋಟಕ್ಕೆ ರಜೆ. ಪತ್ರದಿಂದ ಎಷ್ಟು ಉಪಯೋಗವಾಯಿತೋ ಹೇಳಲಾರೆ. ಹಾಜರಿಯ ಷರತ್ತು ಮಾತ್ರ ಹಾಗೇ ಆದೇಶದಲ್ಲಿ ಬಂತು.

ಆಮೇಲೆ ಜಾಮೀನುದಾರರ ತಲೆನೋವು. 50 ಸಾವಿರದ ಬಾಂಡು, ಇಬ್ಬರು ಬೇಕು. ಮೊದಲು ಬಂದವರದ್ದು ಜಮ್ಮಾ ಜಾಗ, ಕೊಡಗಿನ ವಂಶಪಾರಂಪರ್ಯ ಜಮೀನು. ಆರ್‌ಟಿಸಿಯಲ್ಲಿ (ಪಹಣಿ) ಪಟ್ಟೇದಾರರ ಜೊತೆ ಒಕ್ಕದ (ಮನೆತನದ) ಹತ್ತಾರು ಹೆಸರು. ಅದು ನಡೆಯಲಿಲ್ಲ. ಕೊನೆಗೆ ಕುಶಾಲನಗರ ಕಡೆಯ ಇಬ್ಬರು ಸಣ್ಣ ರೈತರು ಬಂದರು. ಅಷ್ಟರಲ್ಲಿ ಬಾಕಿ ಕೇಸಿನಲ್ಲಿ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಇನ್ನೊಂದು ಕೇಸಿಗೆ ಹಾಜರುಪಡಿಸುವ ಆದೇಶ) ಇರುವುದು ಗೊತ್ತಾಯಿತು. ಅದಕ್ಕೂ ಬೇರೆ ಇಬ್ಬರನ್ನು ಎಲ್ಲಿಂದ ತರುವುದು? 2024ರ ಗಿರೀಶ್ ಗಾಂಧಿ ತೀರ್ಪು ಇಟ್ಟೆ. ಹಲವು ಕೇಸು ಇರುವವನಿಗೆ ಅದೇ ಜಾಮೀನುದಾರರು ಸಾಕು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಒಪ್ಪಿದೆ. ಇಲ್ಲೂ ಒಪ್ಪಿದರು.

ಫೀಸು 15 ಸಾವಿರ ಮಾತಾಗಿತ್ತು, ಕೈಗೆ ಬಂದದ್ದು ಒಂಬತ್ತು. ಉಳಿದದ್ದನ್ನು ಕಾಫಿ ಕೊಯ್ಲಿನ ಕೂಲಿ ಬಂದ ಮೇಲೆ ಕೊಡುತ್ತೇನೆ ಎಂದಿದ್ದಾನೆ. ಭಾನುವಾರದ ಹಾಜರಿ ಇವತ್ತಿನವರೆಗೆ ಒಂದೂ ತಪ್ಪಿಸಿಲ್ಲ.