ಟ್ರೈನಿ ಕೌನ್ಸೆಲರ್ ಹತ್ತಿರ ಹೋದಾಗ ಏನೇನು ಕೇಳಬೇಕು

ಟ್ರೈನಿ, ಅಂದರೆ ಇನ್ನೂ ತರಬೇತಿಯಲ್ಲಿರುವವರು, ಅಂದ ತಕ್ಷಣ ಹಿಂಜರಿಯಬೇಡಿ. ಫೀಸು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಆದರೆ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ಏನು ಓದಿದ್ದೀರಿ, ಸೈಕಾಲಜಿಯಲ್ಲಿ ಎಂ.ಎಸ್ಸಿ.ಯಾ, ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ್ದೀರಾ? ನಿಮ್ಮ ಸೂಪರ್‌ವೈಸರ್, ಅಂದರೆ ನಿಮ್ಮ ಕೆಲಸ ನೋಡಿ ತಿದ್ದುವ ಹಿರಿಯರು, ಯಾರು, ನನ್ನ ವಿಷಯ ಅವರ ಹತ್ತಿರ ಎಷ್ಟು ಹೇಳುತ್ತೀರಿ? ಸೂಪರ್‌ವೈಸರ್ ಇಲ್ಲ ಅಂದರೆ ಎದ್ದು ಬನ್ನಿ, ಇದರಲ್ಲಿ ರಾಜಿ ಬೇಡ.

ಆಮೇಲೆ ವಿಧಾನ. ಕೆಲವರು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಚಿಕಿತ್ಸೆ) ಮಾಡುತ್ತಾರೆ. ಅದರಲ್ಲಿ "ಬಾಸ್ ಮೆಸೇಜಿಗೆ ಉತ್ತರ ಕೊಡಲಿಲ್ಲ, ನನ್ನ ಕೆಲಸ ಹೋಯ್ತು" ಅನ್ನುವಂಥ ಯೋಚನೆಯನ್ನು ಕಾಗದದ ಮೇಲೆ ಬರೆಸಿ, ಅದಕ್ಕೆ ಪುರಾವೆ ಏನಿದೆ, ಬೇರೆ ಕಾರಣ ಇರಬಹುದಾ ಅಂತ ಜೊತೆಯಲ್ಲಿ ಕೂತು ನೋಡುತ್ತಾರೆ, ಮನೆಯಲ್ಲೂ ಹಾಗೇ ಬರೆದು ತರಲು ಹೇಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದಾರಿಯವರು ಸಲಹೆ ಕೊಡುವುದು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ನನ್ನನ್ನು ಕೇಳಿದರೆ, ಮಧ್ಯೆ ಬಾಯಿ ಹಾಕದೆ ನಿಮ್ಮ ಮಾತು ಕೇಳುತ್ತಾರಾ ಅನ್ನುವುದೇ ಮೊದಲು ನೋಡಬೇಕಾದದ್ದು. "ಮದುವೆ ಮಾಡ್ಕೊಳ್ಳಿ, ಸರಿ ಹೋಗುತ್ತೆ" ಅನ್ನುವವರ ಹತ್ತಿರ ಸುಮ್ನೆ ದುಡ್ಡು ಕಳೆಯಬೇಡಿ.

ಹೇಳಿದ್ದು ಗುಟ್ಟಾಗಿರಬೇಕು. ಪ್ರಾಣಕ್ಕೆ ಅಪಾಯ ಇದ್ದಾಗ ಬೇರೆಯವರಿಗೆ ತಿಳಿಸಬೇಕಾಗಬಹುದು, ಅದನ್ನೂ ಮೊದಲೇ ಹೇಳಿರಬೇಕು. ಮಾತ್ರೆ ಕೌನ್ಸೆಲರ್ ಬರೆದುಕೊಡುವಂತಿಲ್ಲ, ಅದಕ್ಕೆ ಮನೋವೈದ್ಯರಂಥ ಡಾಕ್ಟರೇ ಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.