ಆನ್‌ರೋಡ್ ಬೆಲೆಯನ್ನು ಬಿಡಿಸಿ ಕೇಳಿ: ಹೊಸ ಬೈಕಿಗೆ ನಾನು ಚೌಕಾಸಿ ಮಾಡುವ ಬಗೆ

ಶೋರೂಂನಲ್ಲಿ ಮೊದಲು ಕಿವಿಗೆ ಬೀಳುವುದೇ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿಸಿದ ಆನ್‌ರೋಡ್ ಬೆಲೆ. ಆ ಒಂದೇ ಮೊತ್ತದ ಮೇಲೆ ಚೌಕಾಸಿಗೆ ಇಳಿದರೆ ಸಾವಿರ ರೂಪಾಯಿ ಬಿಟ್ಟಂತೆ ಮಾಡಿ, ಮೇಲೊಂದು ಸೀಟ್ ಕವರ್ ಕೊಟ್ಟು ಕಳಿಸುತ್ತಾರೆ. ಅದಕ್ಕೇ ಕೊಪ್ಪಳ, ಗಂಗಾವತಿ ಕಡೆ ನೆಂಟರಿಷ್ಟರಿಗೆ ಗಾಡಿ ಕೊಡಿಸುವಾಗ ನಾನು ಮೊದಲು ಕೇಳುವುದು ಬಿಡಿಸಿ ಬರೆದ ಕೊಟೇಶನ್. ಶೋರೂಂ ಸೀಲು, ತಾರೀಖು, ಬ್ರೇಕು ಡ್ರಮ್ಮೋ ಡಿಸ್ಕೋ ಎಂಬುದೂ ಸೇರಿ ಮಾಡೆಲ್‌ನ ಪೂರ್ತಿ ಹೆಸರು, ಒಂದೊಂದು ಬಾಬ್ತಿಗೆ ಒಂದೊಂದು ಸಾಲು. ಬಾಯಿಮಾತಿನ ರೇಟು ಹಿಡಿದು ಇನ್ನೊಂದು ಶೋರೂಂಗೆ ಹೋದರೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಮೊದಲ ಸಾಲು ಎಕ್ಸ್-ಶೋರೂಂ ಬೆಲೆ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರುವ ಮುಂಚಿನದು. ಇದು ಕಂಪನಿ ಕಟ್ಟಿದ್ದು. ಕಂಪನಿಯ ವೆಬ್‌ಸೈಟಿನಲ್ಲಿ ನಮ್ಮ ಊರು ಆರಿಸಿ ತಾಳೆ ನೋಡಿದರೆ ಸಾಕು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೆ ಶೇ 40. ಡೀಲರ್ ಮಾರ್ಜಿನ್ನೂ ಕಾರ್ಖಾನೆಯಿಂದ ಶೋರೂಂವರೆಗಿನ ಸಾಗಣೆ ಖರ್ಚೂ ಈ ಬೆಲೆಯೊಳಗೇ ಇವೆ. ಮುಂದೆ ಬರುವ ‘ಹ್ಯಾಂಡ್ಲಿಂಗ್’ ಸಾಲನ್ನು ಹೊಡೆಸಲು ಇದು ನೆನಪಿರಬೇಕು.

ಎರಡನೆಯದು ತೆರಿಗೆ. ಇದರಲ್ಲಿ ಡೀಲರ್ ಬಿಡುವಂಥದ್ದು ಏನೂ ಇಲ್ಲ, ಆದರೆ ಕೊಳ್ಳುವವರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಕರ್ನಾಟಕದಲ್ಲಿ ಪೆಟ್ರೋಲ್ ದ್ವಿಚಕ್ರ ವಾಹನದ ಜೀವಾವಧಿ ತೆರಿಗೆ ಬೆಲೆ 50,000ದವರೆಗೆ ಶೇ 10, ಒಂದು ಲಕ್ಷದವರೆಗೆ ಶೇ 12, ಅದರಾಚೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಒಂದು ಲಕ್ಷದ ಗೆರೆ ದಾಟಿದರೆ ಪೂರ್ತಿ ಬೆಲೆಗೇ ಶೇ 18 ಬೀಳುತ್ತದೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ. 99,500ರ ಗಾಡಿಗೆ ತೆರಿಗೆ ಸೆಸ್ ಸೇರಿ 13,253 ರೂಪಾಯಿ. 1,02,000ದ ಗಾಡಿಗೆ 20,380. ‘ಬ್ಲೂಟೂತ್ ಮೀಟರ್ ಇರೋದು ಬರೀ 2,500 ಜಾಸ್ತಿ’ ಎಂದು ಸೇಲ್ಸ್‌ನವರು ತೋರಿಸುವ ವೇರಿಯಂಟ್ ಮನೆಗೆ ಬರುವಾಗ 9,600ಕ್ಕೂ ಹೆಚ್ಚು ತಿಂದಿರುತ್ತದೆ. ಒಂದು ಲಕ್ಷದ ಆಸುಪಾಸಿನ ಗಾಡಿ ನೋಡುವವರು ಡಿಸ್ಕೌಂಟಿಗೆ ಗಂಟೆಗಟ್ಟಲೆ ಕೂರುವುದಕ್ಕಿಂತ ವೇರಿಯಂಟನ್ನು ಸರಿಯಾಗಿ ಆರಿಸಿದರೆ ಉಳಿತಾಯ ಜಾಸ್ತಿ.

ತೆರಿಗೆ ಬಿಟ್ಟರೆ ಆರ್‌ಟಿಒ ಲೆಕ್ಕ ಚಿಕ್ಕದು: ನೋಂದಣಿ 300, ಸ್ಮಾರ್ಟ್ ಕಾರ್ಡ್ 200, ಸಾಲ ಇದ್ದರೆ ಅದನ್ನು ಆರ್‌ಸಿಯಲ್ಲಿ ನಮೂದಿಸಲು 500, 2025ರಿಂದ ಸಾರಿಗೆ ಕಾರ್ಮಿಕರ ಕಲ್ಯಾಣ ನಿಧಿಗೆ 500. ಇದರ ಮೇಲೆ ಎರಡು ಮೂರು ಸಾವಿರ ಕಂಡರೆ ಅದು ಏನೆಂದು ಕೇಳಬೇಕು. ‘ಇನ್ಸ್‌ಪೆಕ್ಷನ್‌ಗೆ ಗಾಡಿ ಒಯ್ಯಬೇಕ್ರಿ’ ಎಂಬ ಉತ್ತರ ಈಗ ನಡೆಯುವುದಿಲ್ಲ. ಅಧಿಕೃತ ಡೀಲರ್ ಮಾರುವ ಹೊಸ ಬೈಕನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸುವ ಅಗತ್ಯವೇ ಇಲ್ಲ, ಕಾಗದಪತ್ರವೆಲ್ಲ ಡೀಲರ್ ಕಂಪ್ಯೂಟರಿನಿಂದಲೇ ಹೋಗುತ್ತದೆ.

ಇನ್ಶೂರೆನ್ಸ್‌ನಲ್ಲಿ ಎರಡು ಭಾಗ. ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಇರುವ ಥರ್ಡ್ ಪಾರ್ಟಿ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ 5 ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. 75ರಿಂದ 150 ಸಿಸಿಗೆ 3,851, 150ರ ಮೇಲೆ 350ರವರೆಗೆ 7,365, ಎರಡಕ್ಕೂ ಜಿಎಸ್‌ಟಿ ಬೇರೆ. ಈ ದರ ಎಲ್ಲ ಇನ್ಶೂರೆನ್ಸ್ ಕಂಪನಿಗೂ ಒಂದೇ. 160 ಸಿಸಿ ಗಾಡಿಗೆ ಮನಸೋತವರು ಈ ವ್ಯತ್ಯಾಸವನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಲಿ. ಇನ್ನೊಂದು ಭಾಗ ಸ್ವಂತ ಗಾಡಿಯ ಹಾನಿಗೆ, ಓನ್ ಡ್ಯಾಮೇಜ್. ಒಂದು ವರ್ಷಕ್ಕೆ ಸಾಕು. ಕಂಪನಿಗಳು ರಿಯಾಯಿತಿ ಕೊಡುವುದು ಇದರಲ್ಲಿ, ಡೀಲರ್‌ಗೆ ಹೆಚ್ಚು ಕಮಿಷನ್ ಸಿಗುವುದೂ ಇದರಲ್ಲೇ. ರಿಯಾಯಿತಿ ಸೊನ್ನೆ ಹಾಕಿ, ಝೀರೋ ಡೆಪ್ (ಸವಕಳಿ ಕಳೆಯದೆ ಬಿಡಿಭಾಗದ ದುಡ್ಡು ಕೊಡುವುದು), ಎಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್ (ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ಬಿಲ್ ಬೆಲೆ ಕೊಡುವುದು) ಎಲ್ಲಾ ತುಂಬಿ ಪ್ರೀಮಿಯಂ ಉಬ್ಬಿಸಿರುತ್ತಾರೆ. ಹುಡುಗರು ಓಡಿಸುವ ಗಾಡಿಗೆ ಮೊದಲ ವರ್ಷ ಝೀರೋ ಡೆಪ್ ಇರಲಿ ಎನ್ನುತ್ತೇನೆ. ಎಂಜಿನ್ ಪ್ರೊಟೆಕ್ಟ್ ಹೆಚ್ಚಾಗಿ ಎಂಜಿನ್‌ಗೆ ನೀರು ನುಗ್ಗಿದಾಗ ಬೇಕಾಗುವಂಥದ್ದು. ನಮ್ಮ ರಾಯಚೂರು, ಕೊಪ್ಪಳದ ಬಿಸಿಲಿಗೆ ಅದನ್ನು ಮಾರುವವರ ಧೈರ್ಯ ಮೆಚ್ಚಬೇಕು. ಹೊಳೆದಂಡೆಯ ಊರಿನವರು ಬೇಕಾದರೆ ಯೋಚಿಸಲಿ. ಮಾಲೀಕನ 15 ಲಕ್ಷದ ಅಪಘಾತ ವಿಮೆ ಇನ್ನೊಂದು ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಅದನ್ನು ತೋರಿಸಿ ಈ ಸಾಲನ್ನೂ ತೆಗೆಸಬಹುದು.

ಡೀಲರ್ ಹತ್ತಿರವೇ ಪಾಲಿಸಿ ಮಾಡಿಸಬೇಕೆಂಬ ಕಾನೂನಿಲ್ಲ. ಆದರೂ ಹೊರಗೆ ಮಾಡಿಸುವಾಗ ಎಡವುವ ಜಾಗಗಳಿವೆ. ಪಾಲಿಸಿಗೆ ಚಾಸಿ ನಂಬರು, ಎಂಜಿನ್ ನಂಬರು ಬೇಕು, ಅವು ಡೀಲರ್ ಕೈಯಲ್ಲಿವೆ. ಪಾಲಿಸಿ ಇಲ್ಲದೆ ನೋಂದಣಿ ಇಲ್ಲ. ಆದ್ದರಿಂದ ಬುಕಿಂಗ್ ದುಡ್ಡು ಕೊಡುವ ಮೊದಲೇ ‘ಎರಡೂ ನಂಬರು ಬರೆದ ಪ್ರೊಫಾರ್ಮಾ ಬಿಲ್ ಕೊಡ್ತೀರಾ?’ ಎಂದು ಕೇಳಿ ಒಪ್ಪಿಸಿಕೊಳ್ಳಬೇಕು. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಪಾಲಿಸಿಯಲ್ಲಿ ಬರಬೇಕು, ನಮ್ಮ ಊರಿನ ಸರ್ವಿಸ್ ಸೆಂಟರ್‌ನಲ್ಲಿ ಆ ಕಂಪನಿಯ ಕ್ಯಾಶ್‌ಲೆಸ್ ನಡೆಯಬೇಕು. ಇಷ್ಟು ಓಡಾಟ ಬೇಡ ಎನ್ನುವವರು ಹೊರಗಿನ ಪ್ರೀಮಿಯಂ ಲೆಕ್ಕವನ್ನು ಫೋನಿನಲ್ಲಿ ತೋರಿಸಿದರೂ ಸಾಕು. ಬಹಳ ಸಲ ಡೀಲರೇ ಅದರ ಹತ್ತಿರಕ್ಕೆ ಇಳಿಯುತ್ತಾನೆ.

ಇನ್ನು ಹ್ಯಾಂಡ್ಲಿಂಗ್ ಚಾರ್ಜ್. ಫೈಲ್ ಚಾರ್ಜ್, ಲಾಜಿಸ್ಟಿಕ್ಸ್, ಪಿಡಿಐ (ಗಾಡಿ ಕೊಡುವ ಮುಂಚಿನ ತಪಾಸಣೆ), ಸರ್ವಿಸ್ ಚಾರ್ಜ್ ಎಂದು ಹೆಸರು ಬದಲಾಗುತ್ತದೆ. ಇದನ್ನು ಕಡಿಮೆ ಮಾಡಿ ಎಂದು ನಾನು ಕೇಳುವುದಿಲ್ಲ, ಬಿಲ್ ಕೇಳುತ್ತೇನೆ.

‘ಎಲ್ಲಾ ಶೋರೂಂನ್ಯಾಗೂ ತಗೋತಾರ್ರಿ ಅಣ್ಣಾ.’

‘ಆಗಲಿ ತಮ್ಮಾ, ಹಂಗಾದ್ರ ಜಿಎಸ್‌ಟಿ ಬಿಲ್‌ನ್ಯಾಗ ಅದನ್ನೊಂದು ಸಾಲು ಬರದು ಕೊಡು.’

ಬಿಳಿ ಚೀಟಿಯಲ್ಲಿ ಬರೆಯುವ ದುಡ್ಡು ಜಿಎಸ್‌ಟಿ ಬಿಲ್‌ಗೆ ಬರುವುದು ಅಪರೂಪ. ಸೇಲ್ಸ್ ಹುಡುಗನ ಜೊತೆ ಜಗಳ ಆಡಿ ಉಪಯೋಗವಿಲ್ಲ, ಆ ಸಾಲು ಹೊಡೆಯುವ ಅಧಿಕಾರ ಅವನಿಗಿಲ್ಲ. ಮ್ಯಾನೇಜರ್ ಬರಲಿ ಎಂದು ಹೇಳಿ ಚಹಾ ಕುಡಿಯುತ್ತ ಕೂರುವುದು ಲೇಸು.

ಆಕ್ಸೆಸರೀಸ್ ಪಟ್ಟಿಯಲ್ಲಿ ಈ ಬಾಬ್ತುಗಳು ಕಂಡರೆ ಹೊಡೆಸಿ. ಹಿಂದೆ ಕೂತವರ ಸೀರೆ ಚಕ್ರಕ್ಕೆ ಸಿಕ್ಕದಂತೆ ತಡೆಯುವ ಗಾರ್ಡ್, ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಅವು ಗಾಡಿಯ ಭಾಗ. ಕೊಳ್ಳುವಾಗ ಐಎಸ್‌ಐ ಹೆಲ್ಮೆಟ್ ಒದಗಿಸಬೇಕೆಂದು ನಿಯಮ 138ರಲ್ಲಿದೆ. ಹೊಸ ಗಾಡಿಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟನ್ನು 2019ರ ಏಪ್ರಿಲ್‌ನಿಂದ ತಯಾರಕರೇ ಡೀಲರ್ ಮೂಲಕ ಕೊಡಬೇಕು. ಲೆಗ್ ಗಾರ್ಡ್, ಸೀಟ್ ಕವರ್, ಟ್ಯಾಂಕ್ ಕವರ್ ನಮ್ಮ ಇಷ್ಟ, ಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಪಾಲಿಶ್, ಕೋಟಿಂಗ್ ಪ್ಯಾಕೇಜು ಬೇಡವೇ ಬೇಡ. ಎಕ್ಸ್‌ಟೆಂಡೆಡ್ ವಾರಂಟಿ ಮಾತ್ರ ವರ್ಷಕ್ಕೆ ಹೆಚ್ಚು ಕಿಲೋಮೀಟರ್ ಓಡಿಸುವವರಿಗೆ ಯೋಗ್ಯ.

ಸಾಲದ ವಿಷಯದಲ್ಲಿ ಕೇಳಬೇಕಾದ್ದು ಇಎಂಐ ಎಷ್ಟು ಎಂಬುದಲ್ಲ, ಬಡ್ಡಿ ಫ್ಲಾಟೋ ರೆಡ್ಯೂಸಿಂಗೋ ಎಂಬುದು. ರೆಡ್ಯೂಸಿಂಗ್ ಎಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. 80,000 ಸಾಲ, 24 ತಿಂಗಳು, ಶೇ 10 ಫ್ಲಾಟ್ ಎಂದರೆ ಬಡ್ಡಿ 16,000, ತಿಂಗಳಿಗೆ 4,000. ಅಸಲು ಕರಗುತ್ತ ಹೋದರೂ ಬಡ್ಡಿ ಪೂರ್ತಿ 80,000ಕ್ಕೇ ಬೀಳುವುದರಿಂದ ನಿಜವಾದ ದರ ಶೇ 18 ದಾಟುತ್ತದೆ. ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಿಂದ ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕಡ್ಡಾಯ ಮಾಡಿದೆ. ಪ್ರೊಸೆಸಿಂಗ್ ಫೀಯೂ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಫೈನಾನ್ಸ್ ಮಾಡಿಸಿದರೆ ಡೀಲರ್‌ಗೆ ಕಮಿಷನ್ ಉಂಟು, ಹಾಗಾಗಿ ನಗದು ಕೊಡುವವರಿಗೆ ಕೆಲವೊಮ್ಮೆ ಡಿಸ್ಕೌಂಟ್ ಕಡಿಮೆ ಹೇಳುತ್ತಾರೆ. ನಗದೋ ಸಾಲವೋ ಎಂಬುದನ್ನು ಗಾಡಿಯ ಬೆಲೆ ಬರವಣಿಗೆಯಲ್ಲಿ ಬಂದ ಮೇಲೇ ಬಾಯಿಬಿಡಿ.

ಎಲ್ಲಿ ಕೊಳ್ಳುವುದು? ರಾಜ್ಯದ ಯಾವ ಆರ್‌ಟಿಒದಲ್ಲಾದರೂ ನೋಂದಣಿಗೆ ಕಾನೂನು ಅವಕಾಶ ಕೊಟ್ಟಿದೆ. ಕೊಪ್ಪಳದವರು ಹೊಸಪೇಟೆ, ಬಳ್ಳಾರಿಯ ಕೊಟೇಶನ್ ತರಲಿ. ಸಿಂಧನೂರಿನವರಿಗೆ ಗಂಗಾವತಿ, ರಾಯಚೂರು ಎರಡೂ ಇವೆ. ತಾಲ್ಲೂಕಿನ ಸಬ್ ಡೀಲರ್ ಹತ್ತಿರ ಹೋದರೆ ಬಿಲ್ ಯಾರ ಹೆಸರಲ್ಲಿ ಬರುತ್ತದೆ ಕೇಳಿ. ಸಾಮಾನ್ಯವಾಗಿ ಅದು ಮುಖ್ಯ ಡೀಲರ್‌ನದು, ನಡುವಿನವನ ಪಾಲು ಹ್ಯಾಂಡ್ಲಿಂಗ್ ಸಾಲಿನಲ್ಲೋ ಆಕ್ಸೆಸರೀಸ್‌ನಲ್ಲೋ ಅಡಗಿರುತ್ತದೆ. ಗುಂತಕಲ್ಲು, ಆದೋನಿ, ಗದ್ವಾಲ ಹತ್ತಿರವಾಯಿತೆಂದು ಗಡಿ ದಾಟಿ ತಂದರೆ ತೆರಿಗೆ ಉಳಿಯುವುದಿಲ್ಲ. ತಾತ್ಕಾಲಿಕ ನೋಂದಣಿಯಲ್ಲಿ ತಂದು ಇಲ್ಲಿ ಕರ್ನಾಟಕದ ತೆರಿಗೆಯನ್ನೇ ಕಟ್ಟಬೇಕು, ಓಡಾಟವೂ ನಮ್ಮದೇ.

ಯಾವಾಗ ಎಂಬುದಕ್ಕೆ ನನ್ನ ಉತ್ತರ ಆಷಾಢ ಮತ್ತು ಧನುರ್ಮಾಸ. ಜನ ಶುಭಕಾರ್ಯ ಮುಂದೂಡುವುದರಿಂದ ಶೋರೂಂ ಖಾಲಿ, ತಿಂಗಳ ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ತುಂಗಭದ್ರಾ ಎಡದಂಡೆಯಲ್ಲಿ ಭತ್ತದ ದುಡ್ಡು ಕೈಗೆ ಬಂದ ಹೊತ್ತಿಗೂ ದಸರಾ, ದೀಪಾವಳಿಗೂ ಚೌಕಾಸಿಗೆ ಜಾಗ ಕಡಿಮೆ. ಧನುರ್ಮಾಸದ ಗಾಡಿಗೆ ಒಂದು ಎಚ್ಚರ: ಜನವರಿಯಲ್ಲಿ ನೋಂದಣಿಯಾದರೂ ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಹಳೆಯದೇ ಇರುತ್ತದೆ, ಮಾರುವಾಗ ಬೆಲೆ ಇಳಿಯುತ್ತದೆ. ಆ ನಷ್ಟಕ್ಕೆ ತಕ್ಕ ಡಿಸ್ಕೌಂಟನ್ನು ಈಗಲೇ ಕೇಳಬೇಕು.

ಪೂರ್ತಿ ದುಡ್ಡು ಕೊಡುವ ಮುಂಚೆ ಗಾಡಿಯನ್ನು ಬಿಸಿಲಿಗೆ ತಂದು ನೋಡಿ. ಚಾಸಿ ನಂಬರು ಬಿಲ್‌ಗೆ ತಾಳೆಯಾಗಬೇಕು. ಟೈರ್ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 3225 ಎಂದರೆ 2025ರ 32ನೇ ವಾರ. ಟೈರ್ ತುಂಬ ಹಳೆಯದಾಗಿದ್ದರೆ, ಮೀಟರ್‌ನಲ್ಲಿ ಕಿಲೋಮೀಟರ್ ಹೆಚ್ಚಿದ್ದರೆ ಬೇರೆ ಗಾಡಿ ಕೇಳಿ. ಎರಡು ಕೀ, ಟೂಲ್ ಕಿಟ್, ಸರ್ವಿಸ್ ಪುಸ್ತಕ ಕೈಗೆ ಬರಲಿ. ದುಡ್ಡು ಶೋರೂಂ ಖಾತೆಗೇ ಹೋಗಲಿ, ಯಾರದೋ ಫೋನ್‌ಪೇಗೆ ಬೇಡ. ನಂಬರಿಲ್ಲದೆ ಗಾಡಿ ಹೊರಗೆ ಬಿಡುವಂತಿಲ್ಲ. ‘ಒಳ್ಳೆ ಮುಹೂರ್ತ ಐತಿ, ಗಾಡಿ ಒಯ್ರಿ, ನಂಬರ್ ಆಮ್ಯಾಲೆ’ ಎಂದರೆ ಒಪ್ಪಬೇಡಿ. ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

ನೋಂದಣಿಯಾದ ಮೇಲೆ ತೆರಿಗೆ ಕಟ್ಟಿದ ಆನ್‌ಲೈನ್ ರಸೀದಿ ಕೇಳಿ ಪಡೆಯಿರಿ. ಕೊಟೇಶನ್‌ನ ಆರ್‌ಟಿಒ ಸಾಲಿಗೂ ಅದಕ್ಕೂ ವ್ಯತ್ಯಾಸವಿದ್ದರೆ ಬರವಣಿಗೆಯಲ್ಲಿ ವಾಪಸು ಕೇಳಿ. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ.